ಬಾಗಿಲಲ್ಲಿ ನಿಂತುಬಿಡುವ ಬೇಟೆಗಾರ

ಹೊರಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿಟಕಿಗಳೇ ಇಲ್ಲದ ದೊಡ್ಡ ಹಾಲ್‌ನ ನಡುವೆ, ಐವತ್ತು ದಾಟಿದ ಹೆಂಗಸೊಬ್ಬರು ಮೈಗಂಟಿದ ಕಪ್ಪು ಉಡುಪು ತೊಟ್ಟು ತೋಳೆರಡನ್ನೂ ಪಕ್ಕಕ್ಕೆ ಚಾಚಿ ನಿಂತಿದ್ದಾರೆ. ಉಡುಪಿನ ತುಂಬ ಪುಟ್ಟ ಬಿಳಿ ಗುಂಡುಗಳು. ಸುತ್ತಲಿನ ಕ್ಯಾಮೆರಾಗಳಿಗೆ ಕಾಣುವುದು ಆ ಗುಂಡುಗಳು ಮಾತ್ರ. ಮುಖ, ಬಣ್ಣ, ವಯಸ್ಸು ಯಾವುದೂ ಅವಕ್ಕೆ ಬೇಡ. ಗೋಡೆಯ ಪರದೆಯ ಮೇಲೆ ಅದೇ ಹೊತ್ತಿಗೆ ಗಡ್ಡದ ಬೇಟೆಗಾರನೊಬ್ಬ ತೋಳು ಚಾಚಿ ನಿಲ್ಲುತ್ತಾನೆ. ಇವರು ಮೂಗು ತುರಿಸಿಕೊಂಡರೆ ಅವನೂ ತುರಿಸಿಕೊಳ್ಳುತ್ತಾನೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಚಿಕ್ಕಕ್ಕ ಎಂದು. ವಿಡಿಯೊ ಗೇಮಿನ ಈ ನಾಯಕ ಓಡುವುದು, ಬೀಳುವುದು, ಹೊಡೆಯುವುದು, ಎಲ್ಲವೂ ಇವರ ಮೈಯಿಂದ ಬಂದದ್ದು. ಹೆಸರು ಬರುವುದು ಮಾತ್ರ ದನಿ ಕೊಟ್ಟವರದು. "ಆಟ ಆಡಿ ನೋಡೋಕೆ ಬರೋ ಹುಡುಗರು ಅವನ ಥರಾನೇ ಭುಜ ವಾಲಿಸ್ಕೊಂಡು ನಡೀತಾರೆ. ಸ್ಟೈಲ್ ಅಂದ್ಕೊಂಡಿದಾರೆ. ನೀರು ಹೊತ್ತು ಹೊತ್ತು ವಾಲಿರೋ ಭುಜ ಅದು," ಎಂದು ನಗುತ್ತಾರೆ.

ಚಿಕ್ಕಕ್ಕ ಇದ್ದ ಮೇಲೆ ದೊಡ್ಡಕ್ಕ ಇರಲೇಬೇಕಲ್ಲ. ಅಕ್ಕತಂಗಿ ಇಬ್ಬರೂ ವಯಸ್ಸಿದ್ದಾಗ ಸಿನಿಮಾ ನಾಯಕಿಯರ ಬದಲಿಗೆ ಮೆಟ್ಟಿಲಿನಿಂದ ಉರುಳಿದವರು, ಮೈಕೈ ಮುರಿದುಕೊಂಡವರು. ಮೂಳೆ ಸವೆದು ಆ ಕೆಲಸ ತಪ್ಪಿದ ಮೇಲೆ ಈ ಹಾಲ್ ಸೇರಿದರು. ಆಟದಲ್ಲಿ ಬೇಟೆಗಾರನಿಗೊಬ್ಬ ಅಣ್ಣನಿದ್ದಾನೆ. ಅವನ ಮೈ ದೊಡ್ಡಕ್ಕನದು. ಅಣ್ಣನ ಕೊಲೆಯಾಗುತ್ತದೆ, ತಮ್ಮ ಸೇಡಿಗೆ ಹೊರಡುತ್ತಾನೆ. ಚಿತ್ರೀಕರಣ ಅರ್ಧಕ್ಕೆ ಬಂದಿದ್ದಾಗ, ಮನೆಯ ಮುಂದಿನ ರಸ್ತೆಯಲ್ಲೇ ಹಿಂದಕ್ಕೆ ಬಂದ ಲಾರಿಯೊಂದು ದೊಡ್ಡಕ್ಕನನ್ನು ನಿಜವಾಗಿಯೂ ಕೊಂದಿತು. ಚಾಲಕ ಓಡಿಹೋದ.

ಈಗಲೂ ಯಾರೋ ಆಟವನ್ನು ಪರೀಕ್ಷಿಸುವಾಗ ಪರದೆಯ ಮೇಲೆ ಅಣ್ಣ ನಡೆದುಬರುತ್ತಾನೆ. ಎಡಗಾಲನ್ನು ತುಸು ಉಳಿಸಿಕೊಂಡು ಹೆಜ್ಜೆ ಇಡುತ್ತಾನೆ. ಆ ಮೊಣಕಾಲು ನೋವು ದೊಡ್ಡಕ್ಕನದು. ಚಿಕ್ಕಕ್ಕ ಚಹಾ ಲೋಟ ಹಿಡಿದು ಅವನು ಮರೆಯಾಗುವವರೆಗೆ ನೋಡುತ್ತಾರೆ.

ಚಾಲಕನನ್ನು ಅವರು ಬಿಡಲಿಲ್ಲ. ಪೊಲೀಸ್ ಠಾಣೆ, ಕೋರ್ಟು ಎಂದು ಚಪ್ಪಲಿ ಸವೆಸಿದರು. ಪ್ರತಿ ಸಂಜೆ ಖಾಲಿ ಮನೆಗೆ ಬಂದು, ಅಂದು ಏನಾಯಿತೆಂದು ಅಕ್ಕನಿಗೆ ಗಟ್ಟಿಯಾಗಿ ವರದಿ ಒಪ್ಪಿಸುತ್ತಿದ್ದರು. ಕೊನೆಗೆ ಅವನಿಗೆ ಜೈಲಾಯಿತು.

"ಬಾಗಿಲು ತೆಗೀತಾನೇ 'ಆಯ್ತು ಕಣೇ ಅಕ್ಕ' ಅಂದೆ. ಅಷ್ಟೇ. ಮಾರನೇ ದಿನಕ್ಕೆ ಹೇಳೋಕೆ ಏನೂ ಇರ್ಲಿಲ್ಲ. ಕೇಸ್ ನಡೀತಿರೋವರೆಗೂ ಅವಳು ಮನೇಲೇ ಇದ್ಲು. ಗೆದ್ದ ದಿನ ಹೋದ್ಲು."

ಅದೇ ವಾರ ಬೇಟೆಗಾರ ಸೇಡು ತೀರಿಸಿಕೊಳ್ಳುವ ದೃಶ್ಯವಿತ್ತು. ಚಿಕ್ಕಕ್ಕ ಗಾಳಿಗೆ ಕತ್ತಿ ಬೀಸಿದರು, ಶತ್ರು ಸತ್ತ. ದೃಶ್ಯ ಮುಗಿದ ಕೂಡಲೇ ಮತ್ತೆ ತೋಳು ಚಾಚಿ ನಿಲ್ಲಬೇಕು. ಮುಗಿಯಿತೆಂದು ಯಂತ್ರಕ್ಕೆ ತಿಳಿಸುವ ಗುರುತು ಅದು. ಚಿಕ್ಕಕ್ಕ ಮರೆತರು. ಬಾಗಿಲೆಂದು ನೆಟ್ಟಿದ್ದ ಎರಡು ಕಂಬಗಳ ಬಳಿ ಹೋಗಿ, ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ ಕಾದರು. ಯಾವ ದೃಶ್ಯ ಮುಗಿದರೂ ಮೊದಲು ದೊಡ್ಡಕ್ಕ ಹೊರಗೆ ಹೋಗುವುದು, ಹಿಂದೆ ಇವರು. ಅಷ್ಟು ವರ್ಷದ ರೂಢಿ. ಯಂತ್ರ ಎಲ್ಲವನ್ನೂ ಹಿಡಿದುಕೊಂಡಿತು.

ಆ ಕಾಯುವಿಕೆಯೇ ಈಗ ಜಗಳಕ್ಕೆ ಕಾರಣ. ಆಡಿ ನೋಡಿದವರು ಆಟ ಹ್ಯಾಂಗ್ ಆಯಿತೆಂದು ದೂರಿದರು. ಒಬ್ಬ ಹುಡುಗಿ ಮಾತ್ರ, ಬೇಟೆಗಾರ ಸರಿದು ನಿಂತಾಗ ತಾನೂ ಕುರ್ಚಿ ಎಳೆದುಕೊಂಡು ದಾರಿ ಬಿಟ್ಟಳಂತೆ. ಆಟದ ಕಥೆ ಬರೆದವರಿಗೂ ಸಮಾಧಾನವಿಲ್ಲ. "ಸೇಡು ತೀರ್ತಲ್ಲ ಅಕ್ಕ. ನಿಟ್ಟುಸಿರು ಬಿಟ್ಟು ಹೋಗೋದು ಬಿಟ್ಟು, ಇವನ್ಯಾಕೆ ಈಗ ಎಲ್ಲ ಕಳ್ಕೊಂಡವನ ಥರ ನಿಲ್ತಾನೆ?"

"ಈಗಲೇ ಅಲ್ವೇನಪ್ಪ ಕಳ್ಕೊಂಡಿದ್ದು," ಎನ್ನುತ್ತಾರೆ ಚಿಕ್ಕಕ್ಕ.

ಕಥೆಗಾರ ತಲೆಯಾಡಿಸುತ್ತಾರೆ. ಒಪ್ಪಿದರೋ ಇಲ್ಲವೋ ತಿಳಿಯದು. ಆಟ ಮಾಡಿಸುತ್ತಿರುವ ಕಂಪನಿಯ ಯಜಮಾನಿಯ ತೀರ್ಮಾನ ಮಾತ್ರ ಖಚಿತ: ಹಳೆಯದನ್ನು ಅಳಿಸಬೇಕು, ಬೇಟೆಗಾರ ನಿಲ್ಲದೆ ಬಾಗಿಲು ದಾಟಿ ಹೋಗಬೇಕು. ಇಂದು ಮುಂಜಾನೆ ಎಲ್ಲರೂ ಸೇರಿರುವುದು ಅದಕ್ಕೇ.

ಚಿಕ್ಕಕ್ಕ ಮೂರು ಸಲ ಕಂಬಗಳವರೆಗೆ ಹೋಗುತ್ತಾರೆ, ಮೂರು ಸಲವೂ ಕಾಲು ಕಿತ್ತು ಬರುವುದಿಲ್ಲ. ಪರದೆಯಲ್ಲಿ ಬೇಟೆಗಾರ ಹೊಸ್ತಿಲ ಮುಂದೆ ಉಸಿರಾಡುತ್ತ ನಿಂತಿದ್ದಾನೆ. ಯಾರೂ ಗದರಿಸುವುದಿಲ್ಲ. "ನಾನು ಮುಂದೆ ಹೋಗ್ಬಿಟ್ರೆ ಅವಳು ಒಳಗೇ ಉಳ್ಕೊಂಡ್ಬಿಡ್ತಾಳೆ," ಎಂದು ಅವರು ಯಾರಿಗೂ ಅಲ್ಲವೆಂಬಂತೆ ಹೇಳುತ್ತಾರೆ.

ಆಮೇಲೆ ಕಂಬ ನೆಡುವ ಕೆಲಸದವನನ್ನು ಕರೆಯುತ್ತಾರೆ.

"ಬಾಗಿಲು ಒಂಚೂರು ಅಗಲ ಮಾಡ್ತೀಯೇನಪ್ಪ?"

"ಬೇಟೆಗಾರ ಒಬ್ನೇ ಅಲ್ವಾ ಅಕ್ಕ, ಇಷ್ಟು ಸಾಲಲ್ವಾ?"

"ಇಬ್ರು ಹಿಡಿಸೋ ಅಷ್ಟು ಮಾಡು. ಆಡೋರಿಗೇನೂ ಗೊತ್ತಾಗಲ್ಲ."

ಅವನು ಯಜಮಾನಿಯ ಮುಖ ನೋಡುತ್ತಾನೆ. ಯಜಮಾನಿ ಆಗಲಿ ಎಂಬಂತೆ ತಲೆಯಾಡಿಸುತ್ತಾರೆ. ಕಂಬ ಅತ್ತ ಸರಿಯುತ್ತದೆ. ಪರದೆಯ ಮೇಲೆ ಬೇಟೆಗಾರ ಅಗಲವಾದ ಬಾಗಿಲಿನ ಒಂದು ಅಂಚಿಗೆ ಒತ್ತಿಕೊಂಡು, ಅವಸರವಿಲ್ಲದೆ ಹೊರಗೆ ನಡೆಯುತ್ತಾನೆ.