ಬಾಲ ಎತ್ತಿದ ಬೆಕ್ಕು

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ, ಖಾಲಿ ರೀಫಿಲ್ಲುಗಳು ಮತ್ತು ಯಾವ ಬೀಗಕ್ಕೂ ಹೊಂದದ ಎರಡು ಬೀಗದಕೈಗಳ ಜೊತೆಗೆ, ಮೈಕ್ರೋಮೀಟರಿನ ಒಂದು ಹಳೆಯ ಮರದ ಪೆಟ್ಟಿಗೆ ಇದೆ. ಕೂದಲೆಳೆಯ ದಪ್ಪವನ್ನೂ ಅಳೆಯಬಲ್ಲ ಆ ಉಪಕರಣ ಈಗ ಅದರಲ್ಲಿಲ್ಲ; ಅದು ಮಲಗುತ್ತಿದ್ದ ಗುಳಿಯಲ್ಲಿ ಮಡಿಸಿದ ಒಂದು ಚೀಟಿ ಮಲಗಿದೆ. ಚೀಟಿಯ ಹಿಂಬದಿಯಲ್ಲಿ ನಾನು ಬಾಲ್‌ಪೆನ್ನಿನಿಂದ ಬರೆದ ಬೆಕ್ಕು: ತ್ರಿಕೋನದ ಎರಡು ಕಿವಿ, ಒಂದೇ ಎಳೆತದ ಬೆನ್ನು, ಮೂತಿಯ ಎರಡೂ ಕಡೆ ಮೂರು ಮೂರು ಮೀಸೆ, ಬಾವುಟದ ಕಂಬದ ಹಾಗೆ ನೆಟ್ಟಗೆ ಎತ್ತಿದ ಬಾಲ. ಆರು ವರ್ಷದಿಂದ ಅದನ್ನು ತೆರೆದು ನೋಡಿಲ್ಲ. ಈಗಲೂ ನೋಡದೆಯೇ ಬರೆಯುತ್ತಿದ್ದೇನೆ. ಭೌತಶಾಸ್ತ್ರ ಓದಿದವನಿಗೆ ಅಂಟಿದ ಚಟ ಇದು: ಮೊದಲು ಊಹೆಯನ್ನು ಬರೆದಿಡು, ಆಮೇಲೆ ಅಳೆ. ಬರೆದು ಮುಗಿಸಿದ ಮೇಲೆ ಪೆಟ್ಟಿಗೆ ತೆರೆಯೋಣ, ನೀವೂ ಜೊತೆಗಿರಿ.

ನೀವೂ ಏನಾದರೂ ಗೀಚುವವರೇ ಇರಬೇಕು. ಫೋನಿನಲ್ಲಿ ಆ ಕಡೆಯವರು ಮಾತು ಮುಗಿಸದಿದ್ದಾಗ, ಸಭೆಯಲ್ಲಿ ಯಾರೋ ಎದ್ದುನಿಂತು ವಂದಿಸುತ್ತಲೇ ಇದ್ದಾಗ, ಕೈ ತನ್ನ ಪಾಡಿಗೆ ತಾನು ಹೂವನ್ನೋ ಸುರುಳಿಯನ್ನೋ ಬರೆಯತೊಡಗುತ್ತದೆ. ನನ್ನ ಕೈಗೆ ಒಲಿದದ್ದು ಬೆಕ್ಕು. ನಾಯಿ ಬರೆಯಲು ಹೋದರೆ ಕುರಿಯಾಗುತ್ತದೆ, ಮನುಷ್ಯನನ್ನು ಬರೆದರೆ ನಮ್ಮ ಚಿಕ್ಕಪ್ಪನಾಗುತ್ತಾನೆ. ಬೆಕ್ಕು ಮಾತ್ರ ಹತ್ತು ಹನ್ನೆರಡು ಗೆರೆಗಳಲ್ಲಿ ಬಂದು ಕೂತುಬಿಡುತ್ತದೆ. ಕಿವಿಯನ್ನು ಒಂದಿಷ್ಟು ಚಪ್ಪಟೆ ಮಾಡಿದರೆ ಸಿಟ್ಟು, ಕಣ್ಣಿಗೆ ಬದಲು ಎರಡು ಅಡ್ಡಗೆರೆ ಎಳೆದರೆ ನಿದ್ದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟೊಂದು ಭಾವ ಬೇರೆ ಯಾವ ಪ್ರಾಣಿಯಲ್ಲಿ ಸಿಗುತ್ತದೆ ಹೇಳಿ. ಅದರಿಂದ ಯಾವ ಪ್ರಯೋಜನವೂ ಇರಲಿಲ್ಲ, ಅದೇ ಅದರ ಸುಖವಾಗಿತ್ತು.

ಆಗ ನಾನು ಪೀಣ್ಯದಲ್ಲಿ, ಪಂಪಿನೊಳಗೆ ತಿರುಗುವ ಕಬ್ಬಿಣದ ಸರಳುಗಳನ್ನು, ಅಂದರೆ ಶಾಫ್ಟ್‌ಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ವಿಭಾಗ ಎಂದರೆ ಒಂದು ಗಾಜಿನ ಗೂಡು, ಒಂದು ಕಲ್ಲಿನ ಮೇಜು ಮತ್ತು ನಾನು. ಉಜ್ಜಿ ಅಳತೆಗೆ ತರುವ ಗ್ರೈಂಡಿಂಗ್ ಮಷಿನ್ನಿನಿಂದ ಬಂದ ಶಾಫ್ಟ್ ಬೆಚ್ಚಗಿರುತ್ತದೆ. ಬೆಚ್ಚಗಿರುವ ಕಬ್ಬಿಣ ಒಂದಿಷ್ಟು ಉಬ್ಬಿರುತ್ತದೆ, ಆಗ ಅಳೆದರೆ ಸುಳ್ಳು ಹೇಳುತ್ತದೆ. ಅದನ್ನು ಕಲ್ಲಿನ ಮೇಲಿಟ್ಟು ತಣಿಯುವವರೆಗೆ ಕಾಯಬೇಕು. ಆ ಕಾಯುವ ಹೊತ್ತೇ ನನ್ನ ಬೆಕ್ಕುಗಳ ಹೊತ್ತು. ಪ್ರತಿ ಟ್ರೇಗೂ ಒಂದು ದಪ್ಪ ಕಾಗದದ ಚೀಟಿ. ಅದರ ಒಂದು ತುದಿಯಲ್ಲಿ ತೂತು, ತೂತಿಗೆ ತಂತಿ, ಆ ತಂತಿಯಿಂದ ಅದು ಟ್ರೇಗೆ ನೇತಾಡುತ್ತಿರುತ್ತದೆ. ಮುಂಬದಿಯಲ್ಲಿ ಪಾಸು ಅಥವಾ ರಿಜೆಕ್ಟು ಎಂದು ಬರೆದು ಸಹಿ ಹಾಕುವುದು ನನ್ನ ಉದ್ಯೋಗ. ಹಿಂಬದಿ ಖಾಲಿ; ಅಲ್ಲಿ ಬೆಕ್ಕು. ಸಹಿಗೆ ಶಾಯಿಪೆನ್ನು, ಬೆಕ್ಕಿಗೆ ಬಾಲ್‌ಪೆನ್ನು. ಗಂಭೀರವಾದ ಕೆಲಸಕ್ಕೆ ಶಾಯಿಪೆನ್ನೇ ಆಗಬೇಕೆಂಬುದು ವಿಶ್ವವಿದ್ಯಾಲಯದಿಂದ ತಂದಿದ್ದ ಒಂದು ಜಂಬ.

ಮಲ್ಲಪ್ಪ ಆ ಗ್ರೈಂಡಿಂಗ್ ಮಷಿನ್ನಿನವನು. ಬಾದಾಮಿ ಕಡೆಯವನು, ಮೂವತ್ತರ ಆಸುಪಾಸು, ನಾಗಸಂದ್ರದಲ್ಲಿ ತನ್ನ ಕಡೆಯ ಮೂವರ ಜೊತೆ ಒಂದು ಕೋಣೆಯಲ್ಲಿದ್ದ. ಕೆಲಸ ಕಾಯಂ ಆದರೆ ಹೆಂಡತಿ ಮತ್ತು ಮಗಳನ್ನು ಕರೆತರಬಹುದು ಎಂದು ಒಂದು ವರ್ಷದಿಂದ ಕಾಯುತ್ತಿದ್ದ. ಚೀಟಿಗಳನ್ನು ತಿರುಗಿಸಿ ನೋಡತೊಡಗಿದವನೇ ಅವನು.

"ಏನ್ರಿ ಸರ, ಇವತ್ತ ಬೆಕ್ಕ ಬಾಲಾ ಎತ್ತೈತಿ. ಮಾಲ್ ಪಾಸ್ ಆದಂಗ ಅಲ್ರೀ?"

ಮುಂಬದಿ ನೋಡಿದರೆ ನಿಜವಾಗಿಯೂ ಪಾಸು. ಇನ್ನೊಂದು ದಿನ, "ಕಿವಿ ಚಪ್ಪಟ ಮಾಡೇತ್ರಿ, ನಮ್ಮ ಕತಿ ಮುಗೀತು" ಎಂದ, ಅದು ರಿಜೆಕ್ಟು. ನಾನು ನಕ್ಕೆ. ನಕ್ಕದ್ದಷ್ಟೇ ಅಲ್ಲ, "ಹೌದಪ್ಪಾ, ಅದಕ್ಕೆ ನನಗಿಂತ ಮುಂಚೆ ಗೊತ್ತಾಗುತ್ತೆ" ಎಂದೂ ಹೇಳಿದೆ. ದೇವರು ದಿಂಡರನ್ನು ನಂಬದವನು, ಜಾತಕ ಎಂದರೆ ಮೂಗು ಮುರಿಯುವವನು, ನನ್ನ ಗೀಚಾಟವನ್ನು ಒಬ್ಬರು ಓದುತ್ತಿದ್ದಾರೆ ಎಂಬ ಖುಷಿಗೆ ಅಷ್ಟು ಸುಲಭವಾಗಿ ಸೋತೆ. ತಿಂಗಳೊಳಗೆ ಶಾಪಿನ ತುಂಬ ಬೆಕ್ಕಿನ ಶಕುನ ಹಬ್ಬಿತು.

ಒಂದು ಮಧ್ಯಾಹ್ನ, ನಾನು ಊಟಕ್ಕೆ ಹೋಗಿದ್ದಾಗ, ಅತ್ತಿಬೆಲೆಯ ಗಿರಾಕಿಯ ಲಾರಿ ಬಂದು ನಿಂತಿತು. ಕೊನೆಯ ಟ್ರೇಯ ಚೀಟಿ ಮಷಿನ್ನನ್ನು ತಣಿಸುವ ಕೂಲೆಂಟ್ ನೀರಿನಲ್ಲಿ ನೆನೆದು, ನನ್ನ ಶಾಯಿಯೆಲ್ಲ ಕರಗಿ ಒಂದು ನೀಲಿ ಕಲೆಯಾಗಿತ್ತು. ಬಾಲ್‌ಪೆನ್ನಿನ ಬೆಕ್ಕಿಗೆ ಏನೂ ಆಗಿರಲಿಲ್ಲ. ಚೀಟಿ ಓದಲಾಗದಿದ್ದರೆ ಟ್ರೇಯನ್ನು ನನ್ನ ಗೂಡಿಗೆ ವಾಪಸು ತರಬೇಕೆಂಬುದು ನಿಯಮ. ಡ್ರೈವರು ಹಾರನ್ ಬಜಾಯಿಸುತ್ತಿದ್ದ. ಮಲ್ಲಪ್ಪ ಚೀಟಿ ತಿರುಗಿಸಿ ನೋಡಿದ, ಬಾಲ ಎತ್ತಿತ್ತು, ಟ್ರೇಯನ್ನು ಲಾರಿಗೆ ಏರಿಸಿದ.

ಎರಡು ದಿನದಲ್ಲಿ ಮಾಲು ವಾಪಸು ಬಂತು. ಶಾಫ್ಟ್‌ಗಳು ದಪ್ಪ, ಬೇರಿಂಗಿನೊಳಗೆ ಹೋಗುತ್ತಿರಲಿಲ್ಲ. ನಮ್ಮ ವರ್ಕ್ಸ್ ಮ್ಯಾನೇಜರು ಕೃಷ್ಣಯ್ಯನವರು ನಮ್ಮಿಬ್ಬರನ್ನೂ ಕರೆಸಿ, ಆ ಚೀಟಿಯನ್ನು ತಂತಿಯಿಂದ ಹಿಡಿದು, ಸತ್ತ ಇಲಿಯನ್ನು ಹಿಡಿದ ಹಾಗೆ ನಮ್ಮ ಮುಂದೆ ತೂಗಾಡಿಸಿದರು.

"ಏನ್ರೀ ಇದು? ಬೆಕ್ಕಿನ ಬಾಲ ನೋಡ್ಕೊಂಡು ಮಾಲ್ ಕಳಿಸ್ತೀರಾ? ನಾನೇನು ಫ್ಯಾಕ್ಟರಿ ನಡೆಸ್ತಿದೀನೋ ಸರ್ಕಸ್ಸೋ?"

ಮಲ್ಲಪ್ಪ ತಲೆ ತಗ್ಗಿಸಿ, "ಬಾಲಾ ಎತ್ತಿತ್ರಿ ಸಾಹೇಬ್ರ" ಎಂದ.

"ಎತ್ತಿರೋದು ನನಗೂ ಕಾಣುತ್ತಪ್ಪ!" ಎಂದು ಗದರಿ, ಅವರು ನನ್ನ ಕಡೆ ತಿರುಗಿದರು. "ನೀವು ಹೇಳ್ರೀ. ಪಾಸ್ ಅಂತ ಬರೆದಿದ್ರೋ, ರಿಜೆಕ್ಟ್ ಅಂತಲೋ? ರಿಜೆಕ್ಟ್ ಆಗಿದ್ರೆ ಇವನದು ತಪ್ಪು, ಈ ತಿಂಗಳೇ ಮನೆಗೆ ಕಳಿಸ್ತೀನಿ. ಪಾಸ್ ಆಗಿದ್ರೆ ನಿಮ್ಮದು."

ಒಂದು ದಿನ ಸಮಯ ಕೇಳಿದೆ. ನೆನಪಿಗೆ ಎರಡು ದೃಶ್ಯಗಳು ಬರುತ್ತಿದ್ದವು: ಪಾಸು ಎಂದು ಬರೆಯುತ್ತಿರುವ ನನ್ನ ಕೈ, ರಿಜೆಕ್ಟು ಎಂದು ಬರೆಯುತ್ತಿರುವ ಅದೇ ಕೈ. ಎರಡೂ ಅಷ್ಟೇ ಸ್ಪಷ್ಟ, ಎರಡರಲ್ಲೂ ಕಿಟಕಿಯ ಬಿಸಿಲು ಕಲ್ಲಿನ ಮೇಲೆ ಬಿದ್ದಿತ್ತು. ಇನ್ನು ಉಳಿದ ಸಾಕ್ಷಿ ಬೆಕ್ಕೊಂದೇ. ಹಳೆಯ ಚೀಟಿಗಳ ಗೋಣಿಚೀಲವನ್ನು ನೆಲದ ಮೇಲೆ ಸುರಿದುಕೊಂಡು ಕೂತೆ. ಬಾಲ ಎತ್ತಿದವನ್ನೆಲ್ಲ ಒಂದು ಕಡೆ, ಇಳಿಸಿದವನ್ನು ಒಂದು ಕಡೆ ಮಾಡಿ, ಒಂದೊಂದಾಗಿ ಮುಂಬದಿಗೆ ತಿರುಗಿಸಿದೆ. ಎರಡು ರಾಶಿಯಲ್ಲೂ ಪಾಸು ಇದ್ದವು, ಎರಡರಲ್ಲೂ ರಿಜೆಕ್ಟು ಇದ್ದವು. ನನ್ನ ಬೆಕ್ಕುಗಳಿಗೆ ಏನೂ ಗೊತ್ತಿರಲಿಲ್ಲ. ಕೂಡಿಬಂದ ನಾಲ್ಕೈದು ಸಲವನ್ನು ಮಾತ್ರ ನಾವೆಲ್ಲ ನೆನಪಿಟ್ಟುಕೊಂಡಿದ್ದೆವು; ತಪ್ಪಿದ ಸಲಗಳನ್ನು ಮಲ್ಲಪ್ಪನೂ ಮರೆತಿದ್ದ, ನಾನೂ ಮರೆತಿದ್ದೆ.

ಆ ರಾಶಿಗಳ ನಡುವೆ ಕೂತಿದ್ದಾಗ ಮಲ್ಲಪ್ಪ ಬಂದು ಬಾಗಿಲ ಬಳಿ ನಿಂತ. ಬೇಡಿಕೊಳ್ಳಲಿಲ್ಲ.

"ಸರ, ನಾ ತಪ್ಪ ಮಾಡೇನಿ. ತಿರುಗಿ ನಿಮ್ಮ ಹತ್ರ ತರಬೇಕಿತ್ತು. ಆದ್ರ ನಿಮ್ಮ ಬೆಕ್ಕಿನ ಮ್ಯಾಲ ನನಗ ಭಾಳ ನಂಬಿಕಿ ಇತ್ರಿ" ಎಂದು ಹೇಳಿ ಹೋದ.

ಮರುದಿನ ಕೃಷ್ಣಯ್ಯನವರ ಮುಂದೆ, "ಪಾಸ್ ಅಂತ ಬರೆದಿದ್ದೆ ಸಾರ್, ಬಾಲ ಎತ್ತಿರೋದು ಅದಕ್ಕೇ" ಎಂದೆ. ನನಗೆ ವಾರ್ನಿಂಗ್ ಲೆಟರು ಬಂತು, ಚೀಟಿಯ ಮೇಲೆ ಚಿತ್ರ ಬರೆಯಕೂಡದೆಂದು ಗೋಡೆಗೆ ನೋಟೀಸು ಹತ್ತಿತು. ಮಲ್ಲಪ್ಪ ಕಾಯಂ ಆದ. ಊರಿಗೆ ಹೋಗಿ ಹೆಂಡತಿ ಮಗಳನ್ನು ಕರೆತಂದವನು ನನಗೊಂದು ಪೊಟ್ಟಣ ಕರದಂಟು ಕೊಟ್ಟ. ಆ ಚೀಟಿಯನ್ನು ಕೃಷ್ಣಯ್ಯನವರ ಕಸದ ಬುಟ್ಟಿಯಿಂದ ಎತ್ತಿಟ್ಟುಕೊಂಡಿದ್ದನಂತೆ. ತಂತಿ ಬಿಚ್ಚಿ, ಮಡಿಸಿ, ಅದನ್ನೂ ಕೊಟ್ಟ.

ಹೇಳಿದ್ದು ಸುಳ್ಳೇ ಎಂದು ನೀವು ಕೇಳಬಹುದು. ಆ ದಿನ ನನಗೆ ಗೊತ್ತಿರಲಿಲ್ಲ. ವಿಚಿತ್ರವೆಂದರೆ, ಹೇಳಿದ ಮೇಲೆ ನೆನಪು ನನ್ನ ಮಾತಿಗೆ ಹೊಂದಿಕೊಂಡಿತು. ರಿಜೆಕ್ಟು ಎಂದು ಬರೆಯುವ ಕೈ ಮಸುಕಾಗುತ್ತ ಹೋಗಿ, ಪಾಸು ಎಂದು ಬರೆಯುವ ಕೈ ಮಾತ್ರ ಉಳಿಯಿತು. ಈಗ ಕೇಳಿದರೆ ಪ್ರಮಾಣ ಮಾಡಿ ಹೇಳುತ್ತೇನೆ, ಪಾಸು ಎಂದೇ ಬರೆದೆ, ಬರೆಯುವ ಮುಂಚೆ ಬೆಕ್ಕಿನ ಬಾಲವನ್ನು ನೆಟ್ಟಗೆ ಮೇಲಕ್ಕೆಳೆದೆ. ಇಷ್ಟು ಖಚಿತವಾಗಿರುವುದೇ ನನ್ನ ಅನುಮಾನಕ್ಕೆ ಕಾರಣ.

ಈಗ ಪೆಟ್ಟಿಗೆ ತೆರೆದೆ. ಕಿವಿ ಸರಿ, ಮೀಸೆ ಸರಿ. ಬಾಲ ಎತ್ತಿಲ್ಲ.

ಇಳಿಸಿಯೂ ಇಲ್ಲ. ಬೆನ್ನಿನ ಗೆರೆಯ ಮುಂದುವರಿಕೆಯ ಹಾಗೆ, ನೆಲಕ್ಕೆ ಸಮನಾಗಿ, ನೇರ ಹಿಂದಕ್ಕೆ ಚಾಚಿದೆ. ಸುಖಾಸುಮ್ಮನೆ ಎಲ್ಲಿಗೋ ಹೊರಟ ಬೆಕ್ಕು. ಮೂವರು ಕಣ್ಣಾರೆ ಕಂಡ ಬಾಲ ಕಾಗದದ ಮೇಲೆ ಇಲ್ಲವೇ ಇಲ್ಲ.

ಇಷ್ಟು ಬರೆದು ಎರಡು ದಿನ ಕಳೆದ ಮೇಲೆ ಈ ಸಾಲುಗಳನ್ನು ಸೇರಿಸುತ್ತಿದ್ದೇನೆ. ನಾನೀಗ ಬೇರೆ ಕಾರ್ಖಾನೆಯಲ್ಲಿದ್ದೇನೆ. ನಮ್ಮಲ್ಲಿ ಕಂಪ್ಯೂಟರಿನ ಅಂಟು ಚೀಟಿ ಬಂದಿದೆ, ಅದಕ್ಕೆ ಹಿಂಬದಿಯೇ ಇಲ್ಲ. ಮಲ್ಲಪ್ಪ ಪೀಣ್ಯದ ಆ ಹಳೆಯ ಕಾರ್ಖಾನೆಯಲ್ಲೇ ಇದ್ದಾನೆ. ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಬಳಿ ಹಿಡಿದು, ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು, "ಬಾಲ ಹೇಗಿತ್ತು ಮಲ್ಲಪ್ಪ?" ಎಂದೆ.

"ಎತ್ತಿತ್ತಲ್ರಿ ಸರ! ಅದನ್ಯಾಕ ಈಗ ಕೇಳ್ತೀರಿ?"

ಚೀಟಿ ಕೊಟ್ಟೆ. ನೋಡಿದ, ಕಣ್ಣು ಕಿರಿದು ಮಾಡಿದ. ಆಮೇಲೆ ಚೀಟಿಯ ತುದಿಯ ತೂತಿಗೆ ಕಿರುಬೆರಳು ತೂರಿಸಿ, ಟ್ರೇಗೆ ನೇತಾಡುತ್ತಿದ್ದ ಹಾಗೆಯೇ ಅದನ್ನು ನೇತಾಡಿಸಿದ. ನಾನು ಆ ದಿನ ಚೀಟಿಯನ್ನು ಕಲ್ಲಿನ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಬಾಲ ತೂತಿನ ಕಡೆ ಬರುವಂತೆ ಬರೆದಿದ್ದೆ. ನೇತುಹಾಕಿದೊಡನೆ ಬಾಲ ಆಕಾಶಕ್ಕೆ ಎದ್ದಿತು.

"ನೋಡ್ರಿ, ಎತ್ತೇತಿ!"

"ಬೆಕ್ಕು ತಲೆಕೆಳಗಾಗಿದೆಯಲ್ಲೋ ಮಾರಾಯ!"

"ತಲಿ ಕೆಳಗೈತ್ರಿ, ಖರೆ" ಎಂದು ಮಲ್ಲಪ್ಪ ಗಂಭೀರವಾಗಿ ಒಪ್ಪಿಕೊಂಡ. "ಆದ್ರ ನಾವು ಬಾಲಾ ಅಷ್ಟ ನೋಡ್ತಿದ್ವಿ."

ಕೃಷ್ಣಯ್ಯನವರೂ ತಂತಿಯಿಂದಲೇ ಹಿಡಿದಿದ್ದರು. ಅವರು ಕಂಡದ್ದೂ ಸುಳ್ಳಲ್ಲ. ಚೀಟಿಯನ್ನು ಅಡ್ಡ ಮಲಗಿಸಿಕೊಂಡು ಬರೆದವನು ನಾನೊಬ್ಬನೇ, ಆದರೂ ಬಾಲವನ್ನು ಮೇಲಕ್ಕೆಳೆದ ನೆನಪು ನನ್ನ ಕೈಗೂ ಇದೆ. ಆ ನೆನಪು ಮಲ್ಲಪ್ಪನದು. ಆರು ವರ್ಷ ನಾನು ಅದನ್ನು ನನ್ನದೆಂದೇ ಇಟ್ಟುಕೊಂಡಿದ್ದೆ.

"ಮಗಳಿಗೆ ತೋರಸ್ತೀನ್ರಿ" ಎಂದು ಮಲ್ಲಪ್ಪ ಚೀಟಿಯನ್ನು ತನ್ನ ಜೇಬಿಗೆ ಹಾಕಿಕೊಂಡ. ನಾನು ಬೇಡ ಎನ್ನಲಿಲ್ಲ. ಮನೆಗೆ ಬಂದು ಖಾಲಿ ಪೆಟ್ಟಿಗೆಗೆಂದು ಇನ್ನೊಂದು ಬೆಕ್ಕು ಬರೆದೆ. ಅದರ ಬಾಲ ಯಾವ ಕಡೆಗಿದೆ ಎಂದು ನಿಮಗೆ ಹೇಳುವುದಿಲ್ಲ. ಹೇಳಿಬಿಟ್ಟರೆ ನಾಳೆಯಿಂದ ನನಗೆ ಹಾಗೆಯೇ ನೆನಪಾಗುತ್ತದೆ.