ಮುಂಡೇಮಗ ಅಂದವನ ಆಟೊ ಮುಂದೆ ಅಮ್ಮ

ಗೆಳೆಯರೇ, ಇವತ್ತು ಬೆಳಿಗ್ಗೆ ಉತ್ತರಹಳ್ಳಿ ರಸ್ತೆಯ ಸಿಗ್ನಲ್‌ನಲ್ಲಿ ಹಳದಿ ದೀಪ ಕಂಡು ಸ್ಕೂಟರ್ ನಿಲ್ಲಿಸಿದ್ದೇ ನನ್ನ ತಪ್ಪು. ಹಿಂದಿನ ಆಟೊದವನು ಗಕ್ಕನೆ ಬ್ರೇಕ್ ಹಾಕಿ, ಪಕ್ಕಕ್ಕೆ ಬಂದು ಕಿರುಚಿದ. "ಲೇ ಮುಂಡೇಮಗನೇ, ರೋಡು ನಿಮ್ಮಪ್ಪಂದಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಕೂತಿದ್ದ ಅಮ್ಮ ಇಳಿದಳು. ಬೀದಿಯಲ್ಲಿ ಜಗಳ ಕೇಳಿಸಿದರೆ ಕಿಟಕಿ ಮುಚ್ಚುವ ಹೆಂಗಸು ಅವಳು. ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ಹೆಲ್ಮೆಟ್ಟನ್ನೂ ತೆಗೆಯದೆ ಆಟೊ ಮುಂದೆ ಹೋಗಿ ನಿಂತಳು.

"ಮುಂಡೆ ಅಂದ್ರೆ ಗಂಡ ಸತ್ತೋಳು ಅಂತ. ಅದು ನಾನೇ. ಇವ್ನು ನನ್ನ ಮಗ. ಈಗ ಹೇಳಪ್ಪ, ಗಂಡ ಸತ್ತಿದ್ದು ನಂದೇನು ತಪ್ಪು?"

"ಅಯ್ಯೋ ಅಮ್ಮಾ, ಅದು ಸುಮ್ನೆ ಬಾಯಿಗೆ ಬರೋ ಮಾತು. ಅರ್ಥ ಯಾರು ನೋಡ್ತಾರೆ? ಸೈಡಿಗೆ ಬನ್ನಿ."

ಹಸಿರು ದೀಪ ಬಂತು. ಹಿಂದಿನವರೆಲ್ಲ ಹಾರನ್ ಹೊಡೆಯತೊಡಗಿದರು. ಅಮ್ಮ ಕದಲಲಿಲ್ಲ.

"ನಿಮ್ಮಮ್ಮ ಇದಾರಾ?"

"ಇದಾರೆ."

"ನಿಮ್ಮಪ್ಪ?"

ಅವನು ತಲೆ ತಗ್ಗಿಸಿ ಹ್ಯಾಂಡಲ್ ನೋಡಿದ. "ನಾನು ಏಳನೇ ಕ್ಲಾಸಲ್ಲಿದ್ದಾಗ್ಲೇ ಹೋದ್ರು." ಆಮೇಲೆ ತಲೆಯೆತ್ತಿ, "ತಪ್ಪಾಯ್ತಮ್ಮ" ಅಂದ.

ಅಮ್ಮ ಮರಳಿ ಬಂದು ಕೂತಳು. "ನಡಿ" ಅಂದಳು, ಅಷ್ಟೇ.

ಮುಂದಿನ ತಿರುವಿನಲ್ಲಿ ಬೈಕಿನವನೊಬ್ಬ ರಾಂಗ್ ಸೈಡಿನಿಂದ ನುಗ್ಗಿ ಬಂದ. ನನ್ನ ನಾಲಿಗೆ ತುದಿಗೂ ಅದೇ ಮಾತು ಬಂತು. ಹೆಗಲ ಮೇಲೆ ಅಮ್ಮನ ಕೈ ಇತ್ತು, ನುಂಗಿಕೊಂಡೆ.

ಯಾರ ಅಮ್ಮನನ್ನೂ ಎಳೆದು ತರದ ಬೈಗುಳ ಒಂದಾದರೂ ಗೊತ್ತಿದ್ದರೆ ಕಮೆಂಟಿನಲ್ಲಿ ಹಾಕಿ. ನಾಳೆಯೂ ನಾನು ಇದೇ ರಸ್ತೆಯಲ್ಲಿ ಆಫೀಸಿಗೆ ಹೋಗಬೇಕು.