ಹಸನಬ್ಬನ ಬಿಳಿ ಬೋರ್ಡಿನ ಕಾರು

ಹಸನಬ್ಬನ ಕಾರು ಹತ್ತುವಾಗ ಯಾರೂ ತಲೆ ಹೊಡೆಸಿಕೊಂಡದ್ದಿಲ್ಲ. ಬಾಗಿಲು ತೆಗೆದವನೇ ತನ್ನ ಅಂಗೈಯನ್ನು ಅದರ ಮೇಲಂಚಿಗೆ ಅಡ್ಡ ಹಿಡಿಯುತ್ತಿದ್ದ. ತಾಗಿದರೆ ಅವನ ಕೈಗೆ ತಾಗಬೇಕು, ತಗಡಿಗಲ್ಲ. ಸೌದಿಯಲ್ಲಿ ಒಬ್ಬ ಅರಬಿಯ ಮನೆಯಲ್ಲಿ ಹದಿನಾರು ವರ್ಷ ಡ್ರೈವರ್ ಆಗಿದ್ದಾಗ ಕಲಿತ ಅಭ್ಯಾಸವಂತೆ. ಅರಬಿಗೆ ಮಾಡಿದ ಮರ್ಯಾದೆಯನ್ನೇ ಕಟಪಾಡಿಗೆ ಬಂದ ಮೇಲೆ ಬೀಡಿ ಕಟ್ಟುವ ನನಗೂ ಮಾಡಿದ. ಮೊದಲ ಸಲ ನಾನು, ನನಗೇನು ಕಣ್ಣಿಲ್ವಾ ಎಂದು ಬೈದಿದ್ದೆ.

"ಕಣ್ಣು ಮುಂದೆ ಉಂಟು ಗಿರಿಜಕ್ಕ, ಬಾಗಿಲು ಮೇಲೆ ಉಂಟು" ಎಂದು ಕೈ ತೆಗೆಯದೆ ನಿಂತ.

ನಮ್ಮ ಮನೆಯಿಂದ ಮೂರನೆಯ ಮನೆ ಅವನದು. ಸಪೂರ ಆಳು, ನೆರೆತ ಗಡ್ಡ. ಮನೆಯಲ್ಲಿ ಚೌಕುಳಿ ಲುಂಗಿ, ಕಾರಿಗೆ ಕೂರುವಾಗ ಮಾತ್ರ ಇಸ್ತ್ರಿ ಹಾಕಿದ ಪ್ಯಾಂಟು. ಕಾರಿನಲ್ಲಿ ಪದ್ಯ ಇಲ್ಲ, ರೇಡಿಯೋ ಇಲ್ಲ. ಮಂಗಳೂರು ಕಡೆಯ ಎಕ್ಸ್‌ಪ್ರೆಸ್ ಬಸ್ಸುಗಳು ಹಿಂದಿನಿಂದ ಬೊಬ್ಬೆ ಹೊಡೆದುಕೊಂಡು ಬಂದರೆ ಉಳಿದವರು ಅವುಗಳ ಡ್ರೈವರನ ಅಮ್ಮನನ್ನೂ ಅಜ್ಜಿಯನ್ನೂ ನೆನೆಸುತ್ತಾರೆ. ಇವನು ಬದಿಗೆ ಸರಿದು, "ಹೋಗಲಿ, ಪಾಪ, ಅವನಿಗೆ ಟೈಮಿಂಗ್ ಉಂಟು" ಎನ್ನುತ್ತಿದ್ದ. ಇಷ್ಟು ಮೆತ್ತಗಿನ ಗಂಡಸರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೂ ಅವನನ್ನು ಕಂಡರೆ ಆಗುತ್ತಿತ್ತು.

ನನ್ನ ಗಂಡನ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ಮಣಿಪಾಲಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಹೋಗುವಾಗ ಹೇಗೋ ಬಸ್ಸಿನಲ್ಲಿ ಹೋಗಬಹುದು. ಬರುವಾಗ ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಲಿಕ್ಕೆ ಅವರ ಕಾಲು ನಿಲ್ಲುವುದಿಲ್ಲ. ಒಂದು ದಿನ ಕಟಪಾಡಿ ಸ್ಟ್ಯಾಂಡಿನಲ್ಲಿ ಅವರು ನನ್ನ ಹೆಗಲಿಗೆ ಜೋತುಬಿದ್ದದ್ದನ್ನು ಹಸನಬ್ಬ ಕಂಡ. ಮರುವಾರದಿಂದ ಅವನ ಕಾರು ನಮ್ಮ ಗೇಟಿನ ಹತ್ತಿರ ಬಂದು ನಿಂತಿತು. ನಾವು ಕರೆದದ್ದಿಲ್ಲ, ಅವನು ಬಾಡಿಗೆ ಇಷ್ಟು ಎಂದದ್ದೂ ಇಲ್ಲ.

ಅವನು ಹೇಳದಿದ್ದರೆ ಏನಾಯಿತು, ನಾವು ಸುಮ್ಮನೆ ಕೂತು ಹೋಗುವ ಜಾತಿಯಲ್ಲ. ಇಳಿಯುವ ಮೊದಲು ಕಾರಿನ ಗೇರಿನ ಹತ್ತಿರದ ಸಣ್ಣ ಗೂಡಿನಲ್ಲಿ ನೋಟು ಮಡಚಿ ಇಡುತ್ತಿದ್ದೆ. ಅಷ್ಟು ಹೊತ್ತಿಗೆ ಅವನಿಗೆ ಕಿಟಕಿಯ ಹೊರಗೆ ಏನಾದರೂ ನೋಡಲಿಕ್ಕೆ ಇರುತ್ತಿತ್ತು. ಕೊಟ್ಟದ್ದು ನಾನು ಹೇಳುವುದಿಲ್ಲ, ತೆಗೆದುಕೊಂಡದ್ದು ಅವನು ಹೇಳುವುದಿಲ್ಲ. ಆಮೇಲೆ ಅವನ ಕಾರಿನಲ್ಲಿ ಮಣಿಪಾಲಕ್ಕೆ ಹೋದವರೆಲ್ಲ ಹಾಗೆಯೇ ಮಾಡಿದರು. ಕಾಪುವಿನಿಂದ ಬರುವ ಒಬ್ಬ ಬಾಯಮ್ಮ ನೋಟಿನ ಜೊತೆಗೆ ಒಣಮೀನಿನ ಪೊಟ್ಟಣವನ್ನೂ ಇಡುತ್ತಿದ್ದಳು. ಆ ವಾಸನೆ ವಾರಗಟ್ಟಲೆ ಹೋಗಲಿಲ್ಲ.

ಒಮ್ಮೆ ಬರುವಾಗ ನನ್ನ ಗಂಡ ಸೀಟಿನ ಮೇಲೆಲ್ಲ ವಾಂತಿ ಮಾಡಿದರು. ನಾಚಿಕೆಯಿಂದ ಅಳಲಿಕ್ಕೆ ಶುರು ಮಾಡಿದರು. ನನಗೆ ಸಿಟ್ಟು ಬಂತು. ಹಸನಬ್ಬ ಕಾರು ನಿಲ್ಲಿಸಿ, ಡಿಕ್ಕಿಯಿಂದ ನೀರು, ಬಟ್ಟೆ ತಂದು, ನನಗೆ ಕೈಹಾಕಲಿಕ್ಕೆ ಬಿಡದೆ ತಾನೇ ಒರೆಸಿದ.

"ನಿಮ್ಮದು ಎಂತದು ಗುರುವಣ್ಣ, ಅರಬಿಯ ಆಡುಮರಿ ಹಿಂದಿನ ಸೀಟಿನಲ್ಲಿ ಇದಕ್ಕಿಂತ ಜಾಸ್ತಿ ಮಾಡಿತ್ತು. ಅಳುವುದಿರಲಿ, ನನ್ನ ಪ್ಯಾಂಟು ಸಹ ತಿಂದಿತು."

ನನ್ನ ಗಂಡ ಆ ವರ್ಷ ನಕ್ಕದ್ದು ಅದೊಂದೇ ಸಲ. ಎರಡು ವರ್ಷ ಎಳೆದು ಸತ್ತರು.

ಜಂಕ್ಷನ್ನಿನ ಟ್ಯಾಕ್ಸಿಯವರು ಅವನಿಗೆ ಹೇಳಿದ್ದರು, ಹಳದಿ ಬೋರ್ಡು ಮಾಡಿಸು, ಬಿಳಿ ಬೋರ್ಡಿನಲ್ಲಿ ಹೀಗೆ ಜನ ಸಾಗಿಸಿದರೆ ಒಂದು ದಿನ ಸಿಕ್ಕಿಬೀಳುತ್ತಿ ಎಂದು. ನಾನೂ ಹೇಳಿದೆ. ಅವನಿಗೆ ಅದು ತಲೆಗೆ ಹೋಗಲಿಲ್ಲ.

"ನಾನು ಕೇಳಿ ತೆಗೆದುಕೊಳ್ಳುವುದಿಲ್ಲ ಅಲ್ವಾ? ಹಳದಿ ಹಾಕಿದರೆ ನಾನು ಬಾಡಿಗೆಯವ ಆಗ್ತೇನೆ ಗಿರಿಜಕ್ಕ. ಈಗ ನೆರೆಮನೆಯವ."

ಕಾರ್ಕಳದಲ್ಲಿ ನನ್ನ ತಂಗಿ ಬಿದ್ದು ಸೊಂಟ ಮುರಿದುಕೊಂಡಳು. ನೋಡಿ ಬರಬೇಕೆಂದು ನಾನೇ ಹಸನಬ್ಬನನ್ನು ಕರೆದೆ. ಅಲ್ಲಿ ಇಳಿಯುವಾಗ ಎಂದಿನಂತೆ ನೋಟು ಇಟ್ಟೆ. ಹಿಂದೆ ಬರುವಾಗ ಮಟಮಟ ಮಧ್ಯಾಹ್ನ. ಬೆಳ್ಮಣ್ ದಾಟಿದ ಮೇಲೆ ಒಳರಸ್ತೆಯಿಂದ ಒಂದು ಸ್ಕೂಟರು ಸೀದಾ ನಮ್ಮ ಎದುರಿಗೆ ಬಂತು. ಇವನು ಎಡಕ್ಕೆ ಎಳೆದ. ಆದರೂ ಸ್ಕೂಟರಿಗೆ ತಾಗಿ, ಆಮೇಲೆ ಕಾರು ಮೋರಿಯ ಕಟ್ಟೆಗೆ ಹೊಡೆಯಿತು. ಮುಂದಿನ ಭಾಗ ಒಳಗೆ ಹೋಯಿತು. ಸ್ಕೂಟರಿನವನು, ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಮನುಷ್ಯ, ರಸ್ತೆಯಲ್ಲಿ ಬಿದ್ದು ಕಾಲು ಹಿಡಿದುಕೊಂಡು ಕಿರುಚುತ್ತಿದ್ದ. ಹಸನಬ್ಬನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಅವನು ಇಳಿದು ಬಂದು ಮೊದಲು ಮಾಡಿದ ಕೆಲಸ, ನನ್ನ ಕಡೆಯ ಬಾಗಿಲು ತೆಗೆದು ಅಂಗೈ ಮೇಲೆ ಅಡ್ಡ ಹಿಡಿದದ್ದು. "ಮೊದಲು ಅವನನ್ನು ನೋಡು ಮಾರಾಯ" ಎಂದೆ. ಓಡಿದ.

ಸ್ಕೂಟರಿನವನ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಎಲ್ಲವನ್ನೂ ಇನ್ಶೂರೆನ್ಸಿನವರು ನೋಡಿಕೊಳ್ಳುತ್ತಾರೆ ಎಂದು ಹಸನಬ್ಬ ಧೈರ್ಯದಲ್ಲಿದ್ದ. ಒಂದು ವರ್ಷವೂ ತಪ್ಪಿಸದೆ ಕಟ್ಟಿದ್ದ.

ಕೆಲವು ದಿನ ಕಳೆದು ಒಂದು ಸಂಜೆ ಅವನು ನಮ್ಮ ಅಂಗಳಕ್ಕೆ ಬಂದ. ನಾನು ಮೊರದಂಥ ಸೂಪನ್ನು ಮಡಿಲಲ್ಲಿಟ್ಟು ಬೀಡಿ ಎಲೆ ಕತ್ತರಿಸುತ್ತಿದ್ದೆ. ಕೂರು ಎಂದರೂ ಕೂರಲಿಲ್ಲ.

"ನಾಳೆ ಇನ್ಶೂರೆನ್ಸಿನವರ ಕಡೆಯಿಂದ ಒಬ್ಬರು ಬರ್ತಾರಂತೆ. ನಿಮ್ಮಲ್ಲಿ ಎಂತಾದರೂ ಕೇಳಿದರೆ..."

"ಕೇಳಲಿ. ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ. ನನಗೆಂತ ಹೆದರಿಕೆ?"

ಅವನು ಕೆಳಗೆ ಬಿದ್ದ ಒಂದು ಎಲೆಯನ್ನು ಎತ್ತಿ ಸೂಪಿಗೆ ಹಾಕಿದ. "ಹೌದು. ಹಾಗೆಯೇ ಹೇಳಿ" ಎಂದು ಹೋದ. ನಾನು ಎಲೆ ಕತ್ತರಿಸುವುದನ್ನು ನಿಲ್ಲಿಸಿರಲಿಲ್ಲ.

ಮರುದಿನ ಬಂದವನು ತಲೆ ನೆರೆತ, ಒಳ್ಳೆಯ ಮಾತಿನ ಮನುಷ್ಯ. ನಾನು ಕೊಟ್ಟ ಚಹಾ ಕುಡಿದ. ಬೀಡಿಗೆ ಈಗ ಮಜೂರಿ ಎಷ್ಟು ಎಂದೆಲ್ಲ ವಿಚಾರಿಸಿದ. ಹಸನಬ್ಬ ನಿಮಗೆ ಸಂಬಂಧವಾ ಎಂದು ಕೇಳಿದ. ನಾನು ಬಿಲ್ಲವರವಳು, ಅವನು ಬ್ಯಾರಿ, ಎಂತ ಸಂಬಂಧ ಎಂದೆ.

"ಹಾಗಾದರೆ ಇಷ್ಟು ವರ್ಷ ನಿಮ್ಮನ್ನು ಧರ್ಮಕ್ಕೆ ಕರ್ಕೊಂಡು ಹೋದದ್ದಾ ಅಮ್ಮ?"

ನನಗೆ ಮೈಯೆಲ್ಲ ಉರಿಯಿತು.

"ಧರ್ಮಕ್ಕೆ ಕೂರುವ ಗತಿ ನನಗೆ ಬರಲಿಲ್ಲ. ನನ್ನ ಗಂಡ ಇರುವಾಗಿನಿಂದ ಮೊನ್ನೆ ಕಾರ್ಕಳದವರೆಗೆ, ಒಂದು ಸಲ ಸಹ ಹಣ ಇಡದೆ ಇಳಿದವಳಲ್ಲ ನಾನು."

ಅವನು ಬರೆದುಕೊಂಡ. ಓದಿ ಹೇಳಿದ. ಒಂದು ಅಕ್ಷರ ಹೆಚ್ಚುಕಡಿಮೆ ಇರಲಿಲ್ಲ. ನಾನು ಕಲಿತದ್ದು ಮೂರನೇ ಕ್ಲಾಸು, ಆದರೂ ಹೆಬ್ಬೆಟ್ಟು ಒತ್ತದೆ ನಿಧಾನಕ್ಕೆ ಹೆಸರು ಬರೆದು ಕೊಟ್ಟೆ.

ಹಸನಬ್ಬನ ಕಾರಿನಲ್ಲಿ ಮಣಿಪಾಲಕ್ಕೆ ಹೋಗುತ್ತಿದ್ದ ಉಳಿದವರ ಮನೆಗೂ ಅವನು ಹೋದ. ಅಲ್ಲೂ ಅದೇ ಪ್ರಶ್ನೆ. ಒಟ್ಟು ಆರು ಮನೆ. ಒಂದು ಮನೆಯವರಾದರೂ, ಹೌದು, ಸುಮ್ಮನೆ ಹೋಗುತ್ತಿದ್ದೆವು ಎನ್ನಲಿಲ್ಲ. ಕಾಪುವಿನ ಬಾಯಮ್ಮ ಒಣಮೀನನ್ನೂ ಸೇರಿಸಿ ಬರೆಸಿದಳಂತೆ.

ಕಾಗದ ಬಂತು. ಸ್ವಂತ ಉಪಯೋಗದ ಕಾರನ್ನು ಬಾಡಿಗೆಗೆ ಓಡಿಸಿದ್ದರಿಂದ ಪಾಲಿಸಿ ರದ್ದು, ಕಾರಿಗೂ ಇಲ್ಲ, ಸ್ಕೂಟರಿನವನ ಕಾಲಿಗೂ ಇಲ್ಲ ಎಂದು ಕಂಪೆನಿ ಕೈ ಎತ್ತಿತು. ಅದನ್ನು ನನಗೆ ತಂದು ತೋರಿಸಿದ್ದು ಹಸನಬ್ಬ ಅಲ್ಲ, ಅವನ ಹೆಂಡತಿ ಜೊಹರಾ.

"ನೀವು ಕೊಟ್ಟದ್ದು ನಿಜ, ನಾವು ತೆಗೆದುಕೊಂಡದ್ದೂ ನಿಜ. ಒಂದು ಸಲ ಬಾಯಿ ಮುಚ್ಚಿಕೊಳ್ಳಲಿಕ್ಕೆ ಆಗ್ಲಿಲ್ವಾ ಅಕ್ಕ ನಿಮಗೆ?"

ಕಾಗದವನ್ನು ಮಡಚಿ ಅವಳ ಕೈಗೆ ಕೊಟ್ಟೆ.

ಮರುದಿನ ಯಾರಿಗೂ ಹೇಳದೆ ಉಡುಪಿಗೆ ಹೋದೆ. ಆ ಆಫೀಸು ಹುಡುಕಿ, ಅಲ್ಲಿ ದೊಡ್ಡವರೆಂದು ಕಂಡವರ ಎದುರು ನಿಂತು, ನಾನು ಅಂದು ಜಂಬಕ್ಕೆ ಸುಳ್ಳು ಹೇಳಿದ್ದು, ಹಣ ಕೊಟ್ಟದ್ದೇ ಇಲ್ಲ ಎಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದ ಮಾತು. ಅವರು ನನ್ನ ಸಹಿ ಇರುವ ಕಾಗದ ತೆಗೆದು ಮುಂದಿಟ್ಟರು.

"ಅಮ್ಮ, ಅಂದು ಹೇಳಿದ್ದು ಸುಳ್ಳಾ, ಈಗ ಹೇಳುವುದು ಸುಳ್ಳಾ?"

"ಈಗ ಹೇಳುವುದು" ಎಂದು ಬಾಯಿಂದ ಬಂದೇಬಿಟ್ಟಿತು.

ಅವರು ನಗಲಿಲ್ಲ. ನೀರು ತರಿಸಿ ಕೊಟ್ಟರು. ನಾನು ಕುಡಿದು ಬಂದೆ.

ಆ ಮೇಲೆ ಒಳ್ಳೆಯದು ಏನೂ ಆಗಲಿಲ್ಲ. ಸ್ಕೂಟರಿನವನು ಕೇಸು ಹಾಕಿದ, ಹಾಕಬೇಕಾದದ್ದೇ, ಅವನಿಗೆ ಇನ್ನು ನೆಟ್ಟಗೆ ನಡೆಯಲಿಕ್ಕಾಗುವುದಿಲ್ಲ. ಕಾರು ಗ್ಯಾರೇಜಿನ ಹಿಂದೆ ನಿಂತು ಅದರೊಳಗೆ ಬೆಕ್ಕು ಮರಿ ಹಾಕಿತು. ನಮ್ಮ ಆರು ಮನೆಯವರಲ್ಲಿ ಇಬ್ಬರು ಬಸ್ಸಿನಲ್ಲಿ ಹೋಗಿಬರಲಾರದೆ ಮಣಿಪಾಲಕ್ಕೆ ಹೋಗುವುದನ್ನು ಕಡಿಮೆ ಮಾಡಿದರು. ಅವರಲ್ಲಿ ಒಬ್ಬರು ತೀರಿಕೊಂಡರು. ಹಸನಬ್ಬ ಐವತ್ತೆಂಟರ ಪ್ರಾಯದಲ್ಲಿ, ಸಕ್ಕರೆ ಕಾಯಿಲೆ ಇಟ್ಟುಕೊಂಡು, ಪರಿಹಾರದ ಹಣ ಹೊಂದಿಸಲಿಕ್ಕೆ ಮತ್ತೆ ಸೌದಿಗೆ ವೀಸಾ ಮಾಡಿಸಿದ. ಹಳೆಯ ಅರಬಿ ಸತ್ತಿದ್ದನಂತೆ. ಇದು ಬೇರೆ ಯಾರದೋ ಮನೆ.

ಹೊರಡುವ ವಾರ ಉಡುಪಿಯ ಬಸ್ಸಿನಲ್ಲಿ ಸಿಕ್ಕಿದ. ಕೋರ್ಟಿಗೆ ಹೋಗುತ್ತಿದ್ದ. ಇಸ್ತ್ರಿ ಇಲ್ಲದ ಪ್ಯಾಂಟಿನಲ್ಲಿ ಅವನನ್ನು ನೋಡಿದ್ದು ಅದೇ ಮೊದಲು. ನನ್ನ ಪಕ್ಕದಲ್ಲಿ ಜಾಗ ಇತ್ತು, ಬಂದು ಕೂತ. ಬಸ್ಸು ಉದ್ಯಾವರ ದಾಟಿದ ಮೇಲೆ ಕೇಳಿಯೇಬಿಟ್ಟೆ.

"ಆ ಸಂಜೆ ನೀನು ನನ್ನಲ್ಲಿ ಎಂತ ಹೇಳಲಿಕ್ಕೆ ಬಂದದ್ದು ಹಸನಬ್ಬ?"

ಅವನು ಕಿಟಕಿಯ ಹೊರಗೆ ನೋಡಿದ.

"ಎಂತ ಇಲ್ಲ ಗಿರಿಜಕ್ಕ. ನಾಲ್ಕು ಎಸಳು ಕರಿಬೇವು ಕೇಳಲಿಕ್ಕೆ ಬಂದದ್ದು. ಜೊಹರಾ ಕಳಿಸಿದ್ದಳು."

ಅವನ ಅಂಗಳದಲ್ಲಿ ಕರಿಬೇವಿನ ಮರವೇ ಉಂಟು, ಇಡೀ ಕೇರಿ ಕೊಯ್ದರೂ ಮುಗಿಯದಷ್ಟು. ನನ್ನಲ್ಲಿ ಒಂದು ಗಿಡವೂ ಇಲ್ಲ.

"ಕೇಳಬೇಕಿತ್ತು, ಕೊಡ್ತಿದ್ದೆ" ಎಂದೆ.

ಅವನು ತಲೆಯಾಡಿಸಿದ. ಕೋರ್ಟಿನ ಹತ್ತಿರ ಇಳಿದುಹೋದ.